ಕೊಳದ ಖರ್ಚು, ತಂಡದ ಲೆಕ್ಕ

ಅಮೆರಿಕದ ಸಣ್ಣ ಖಾಸಗಿ ಕಾಲೇಜುಗಳಲ್ಲಿ ಹಣಕಾಸು ಬಿಗಿಯಾದಾಗ ಆಡಳಿತದ ಕಣ್ಣು ಬೇಗ ಬೀಳುವುದು ಈಜು ತಂಡದ ಮೇಲೆ. ಟಿಕೆಟ್ ಮಾರಾಟದಿಂದ ಬರುವುದು ಏನೂ ಇಲ್ಲ, ಕೊಳದ ಖರ್ಚು ಮಾತ್ರ ಎದ್ದು ಕಾಣುತ್ತದೆ. ಆದರೆ ಕೊಳದ ಖರ್ಚನ್ನೆಲ್ಲ ತಂಡದ ತಲೆಗೆ ಕಟ್ಟುವ ಈ ಲೆಕ್ಕವೇ ಸರಿಯಲ್ಲ.

ಇಂಥ ನೂರಾರು ಕಾಲೇಜುಗಳು ಅಲ್ಲಿನ ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ ಸಂಸ್ಥೆಯ ಮೂರನೇ ವಿಭಾಗದಲ್ಲಿವೆ. 1973ರಲ್ಲಿ ರೂಪುಗೊಂಡ ಈ ವಿಭಾಗದಲ್ಲಿ ಕ್ರೀಡಾ ಪ್ರತಿಭೆಗೆಂದು ವಿದ್ಯಾರ್ಥಿವೇತನ ಕೊಡುವಂತಿಲ್ಲ. ಹೀಗಾಗಿ ಈಜುಗಾರರೂ ಉಳಿದವರಂತೆ ಶುಲ್ಕ ಕಟ್ಟಿ ಓದುವವರು. ಉದಾಹರಣೆಗೆ, ತಂಡವಿದೆ ಎಂಬ ಕಾರಣಕ್ಕೇ 20 ಮಂದಿ ಒಂದು ಕಾಲೇಜನ್ನು ಆರಿಸಿಕೊಂಡರೆ, ರಿಯಾಯಿತಿ ಕಳೆದು ತಲಾ 20,000 ಡಾಲರ್ ಕಟ್ಟಿದರೂ ವರ್ಷಕ್ಕೆ 4 ಲಕ್ಷ ಡಾಲರ್ ಆಯಿತು. ತಂಡವಿಲ್ಲದಿದ್ದರೂ ಅವರಲ್ಲಿ ಕೆಲವರು ಬರುತ್ತಿದ್ದರು ಎಂಬ ಆಕ್ಷೇಪ ನ್ಯಾಯವಾದದ್ದೇ. ಅರ್ಧದಷ್ಟು ಜನರನ್ನು ಬಿಟ್ಟು ಲೆಕ್ಕ ಹಾಕಿದರೂ ಉಳಿಯುವ ಮೊತ್ತ ಚಿಕ್ಕದಲ್ಲ.

ಇನ್ನು ಕೊಳ. ನೀರನ್ನು 26–27 ಡಿಗ್ರಿಯ ಆಸುಪಾಸಿನಲ್ಲಿ ಇಡಬೇಕು, ಸೋಸಬೇಕು, ಕ್ಲೋರಿನ್ ಹದದಲ್ಲಿರಬೇಕು. ಆವಿಯಾದ ನೀರು ಗೋಡೆ, ಛಾವಣಿಗಳನ್ನು ಹಾಳುಮಾಡದಂತೆ ಗಾಳಿಯ ತೇವವನ್ನು ಹಗಲೂ ರಾತ್ರಿ ತೆಗೆಯುತ್ತಿರಬೇಕು. ತಂಡ ಅಭ್ಯಾಸ ಮಾಡಲಿ ಬಿಡಲಿ, ಈ ಖರ್ಚು ತಪ್ಪದು. ಕೊಳ ಉಳಿಸಿಕೊಂಡು ತಂಡ ಮುಚ್ಚಿದರೆ ಉಳಿತಾಯವಾಗುವುದು ಸಂಬಳ, ಪ್ರಯಾಣ, ಊಟ-ವಸತಿ ಮಾತ್ರ.

ಆ ಸಂಬಳದಲ್ಲೂ ಕಾಲೇಜುಗಳು ಜಿಪುಣತನ ತೋರುತ್ತವೆ. ಒಬ್ಬನೇ ಕೋಚ್ ಪುರುಷರ ತಂಡವನ್ನೂ ಮಹಿಳೆಯರ ತಂಡವನ್ನೂ ನೋಡಿಕೊಂಡು, ಕೊಳದ ಉಸ್ತುವಾರಿ, ಜೀವರಕ್ಷಕರ ಪಾಳಿ ಎಲ್ಲವನ್ನೂ ಹೊರುವುದುಂಟು. ಬೆಳಗಿನ ಜಾವದ ಅಭ್ಯಾಸ ಮುಗಿಸಿದವನು ಸಂಜೆಯ ಅಭ್ಯಾಸದ ನಂತರ ಪ್ರೌಢಶಾಲೆಯ ಈಜುಗಾರರಿಗೆ ಫೋನ್ ಮಾಡಲು ಕೂರಬೇಕು. ಶುಲ್ಕ ತರುವುದು ಈ ಕೊನೆಯ ಕೆಲಸವೇ, ದಣಿವಿನಲ್ಲಿ ಮೊದಲು ಹಿಂದೆ ಬೀಳುವುದೂ ಅದೇ. ಒಬ್ಬ ಪೂರ್ಣಾವಧಿ ಸಹಾಯಕನನ್ನು ಕೊಡದೆ ತಂಡ ಬೆಳೆಯುತ್ತಿಲ್ಲ ಎಂದು ದೂರುವುದು ಅನ್ಯಾಯ. ಡೈವಿಂಗ್‌ನ ಮಾತೂ ಹಾಗೆಯೇ. ಎರಡು ಕಾಲೇಜುಗಳ ನಡುವಿನ ಕೂಟದಲ್ಲಿ ಸಾಮಾನ್ಯವಾಗಿ ಒಂದು ಮೀಟರ್ ಮತ್ತು ಮೂರು ಮೀಟರ್ ಹಲಗೆಯ ಸ್ಪರ್ಧೆಗಳಿಗೂ ಅಂಕವಿದೆ. ಅದನ್ನು ಕಲಿಸಲು ಬೇರೆಯದೇ ಪರಿಣತಿ ಬೇಕು. ಅರೆಕಾಲಿಕ ಡೈವಿಂಗ್ ಕೋಚ್ ಕೂಡ ಇಲ್ಲದ ಕಾಲೇಜು ಆ ಅಂಕಗಳನ್ನು ನೀರಿಗಿಳಿಯುವ ಮೊದಲೇ ಬಿಟ್ಟುಕೊಟ್ಟಂತೆ.

ನೆಚ್ಚಿಕೆಯ ಕೋಚ್ ದೀರ್ಘಕಾಲ ನಿಂತರೆ ಏನಾಗಬಹುದೆಂಬುದಕ್ಕೆ ಒಹಾಯೊ ರಾಜ್ಯದ ಕೆನ್ಯನ್ ಕಾಲೇಜು ಸಾಕ್ಷಿ. ಎರಡು ಸಾವಿರದೊಳಗಿನ ವಿದ್ಯಾರ್ಥಿಗಳಿರುವ ಈ ಕಾಲೇಜಿನ ಪುರುಷರ ತಂಡ 1980ರಿಂದ 2010ರವರೆಗೆ ಸತತ 31 ಬಾರಿ ಮೂರನೇ ವಿಭಾಗದ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಜಿಮ್ ಸ್ಟೀನ್ ಅಲ್ಲಿ ಮೂರು ದಶಕಕ್ಕೂ ಹೆಚ್ಚು ಕಾಲ ಕೋಚ್ ಆಗಿದ್ದರು. 2011ರಲ್ಲಿ ಆ ಸರಪಳಿಯನ್ನು ಒಂದೇ ಅಂಕದಿಂದ ಕಡಿದದ್ದು ಅದೇ ರಾಜ್ಯದ ಇನ್ನೊಂದು ಸಣ್ಣ ಸಂಸ್ಥೆ, ಡೆನಿಸನ್. ಎಲ್ಲ ಕಾಲೇಜುಗಳೂ ಕೆನ್ಯನ್ ಆಗಲಾರವು, ಆಗಬೇಕಾಗಿಯೂ ಇಲ್ಲ. ಆದರೆ ಅಲ್ಲಿನ ಸ್ಥಿರತೆ ಎಲ್ಲರ ಕೈಗೆಟುಕುವಂಥದು.

ತಂಡ ಮುಚ್ಚುವುದು ಎಂದೂ ಸರಿಯಲ್ಲ ಎಂದೇನಲ್ಲ. ಕೊಳವೇ ಹಳತಾಗಿ, ಹೊಸದನ್ನು ಕಟ್ಟಲು ಹಣವೂ ದಾನಿಗಳೂ ಇಲ್ಲವೆಂದರೆ ಬೇರೆ ದಾರಿಯಿಲ್ಲದಿರಬಹುದು. ಆಗಲೂ, ಈಗಾಗಲೇ ಸೇರಿದವರು ಪದವಿ ಮುಗಿಸುವವರೆಗೆ ತಂಡವನ್ನು ನಡೆಸುವುದು, ಸಾಧ್ಯವಾಗದಿದ್ದರೆ ಬೇರೆ ಕಾಲೇಜು ಹುಡುಕಿಕೊಳ್ಳಲು ಸಮಯವಿರುವಂತೆ ಮೊದಲೇ ತಿಳಿಸುವುದು ಕಾಲೇಜಿನ ಹೊಣೆ.