ಸಮೀಪಪ್ರಾಸವೂ ಪ್ರಾಸವೇ

ಇಂಗ್ಲಿಷ್ ಪದ್ಯದಲ್ಲಿ ಪೂರ್ಣಪ್ರಾಸ ಸಿಕ್ಕರೆ ಹಾಕಿ, ಸಿಗದಿದ್ದರೆ ಪ್ರಾಸದ ಆಸೆಯನ್ನೇ ಬಿಡಿ. ಸಮೀಪಪ್ರಾಸ ಎಂಬುದು ಸೋಮಾರಿಗಳ ಆಶ್ರಯ, ಪ್ರಾಸಕೋಶ ತೆರೆದು ಪದ ಹುಡುಕುವುದಂತೂ ಪರೀಕ್ಷೆಯಲ್ಲಿ ಕಾಪಿ ಹೊಡೆದ ಹಾಗೆ. ಇಂಗ್ಲಿಷ್ ಪದ್ಯ ಕಲಿಸುವ, ತೀರ್ಪು ಕೊಡುವ ಹಲವರು ಹೀಗೆ ಹೇಳುತ್ತಾರೆ. ಈ ವಾದ ಬುಡದಿಂದಲೇ ತಪ್ಪು. ಅವರ ಒಂದೊಂದು ಮಾತಿಗೂ ಉತ್ತರ ಕೊಡುತ್ತೇನೆ.

ಇಂಗ್ಲಿಷ್‌ನಲ್ಲಿ ಪದಗಳಿಗೇನು ಬರ, ಹುಡುಕಿದರೆ ಪೂರ್ಣಪ್ರಾಸ ಸಿಕ್ಕೇ ಸಿಗುತ್ತದೆ ಎಂಬುದು ಅವರ ಮೊದಲ ಮಾತು. ಪದಗಳಿಗೆ ಬರವಿಲ್ಲ, ಪ್ರಾಸಕ್ಕಿದೆ. ಕೊನೆಯ ಒತ್ತುಳ್ಳ ಸ್ವರದಿಂದ ಹಿಡಿದು ಪದದ ಅಂತ್ಯದವರೆಗೆ ಧ್ವನಿ ಒಂದೇ ಆಗಿರಬೇಕು, ಆ ಸ್ವರದ ಹಿಂದಿನ ವ್ಯಂಜನ ಬೇರೆಯಾಗಿರಬೇಕು. ಆಗ ಅದು ಪೂರ್ಣಪ್ರಾಸ. ಧ್ವನಿ ಹತ್ತಿರ ಬಂದರೂ ಪೂರ್ತಿ ಹೊಂದದಿದ್ದರೆ ಅದು ಸಮೀಪಪ್ರಾಸ. ಈ ಅಳತೆ ಹಿಡಿದು 'ಡೆತ್' ಎಂಬ ಪದಕ್ಕೆ ಜೋಡಿ ಹುಡುಕಿ ನೋಡಿ. ಕವಿತೆಗೆ ಒದಗುವ ದಿನಬಳಕೆಯ ಪದ 'ಬ್ರೆತ್' ಒಂದೇ. ಉಳಿದವು ಬಹುಮಟ್ಟಿಗೆ ಮ್ಯಾಕ್‌ಬೆತ್, ಸೆತ್ ಮುಂತಾದ ಹೆಸರುಗಳು. ಹಾಗಾಗಿ ಇಂಗ್ಲಿಷ್ ಕವಿತೆಯಲ್ಲಿ ಒಂದು ಸಾಲಿನ ಕೊನೆಗೆ ಸಾವು ಬಂತೆಂದರೆ ಉಸಿರು ಹಿಂದೆಯೇ ಬರುತ್ತದೆಂದು ಓದುಗನಿಗೆ ಮೊದಲೇ ಗೊತ್ತು. 'ವರ್ಲ್ಡ್' ತೆಗೆದುಕೊಳ್ಳಿ. ಕರ್ಲ್ಡ್, ಹರ್ಲ್ಡ್, ಫರ್ಲ್ಡ್, ಸ್ವರ್ಲ್ಡ್: ಸುರುಳಿ ಸುತ್ತಿದ್ದು, ಎಸೆದದ್ದು, ಬಾವುಟ ಮಡಿಸಿದ್ದು, ಗಿರಗಿರನೆ ತಿರುಗಿದ್ದು. ಲೋಕದ ಬಗ್ಗೆ ಬರೆಯ ಹೊರಟವನನ್ನು ಪ್ರಾಸವೇ ಕೈಹಿಡಿದು ಬಾವುಟದ ಕಂಬದ ಬಳಿಗೆ ಎಳೆದೊಯ್ಯುತ್ತದೆ. ಅದೇ ಡೆತ್‌ಗೆ ಸಮೀಪಪ್ರಾಸ ಹುಡುಕಿದರೆ ಫೇತ್, ಅರ್ಥ್, ಟೀತ್, ಡೆಫ್, ಡೆಡ್ ಎಲ್ಲವೂ ಎದುರು ನಿಲ್ಲುತ್ತವೆ. ಸಾವಿನ ಪಕ್ಕದಲ್ಲಿ ನಂಬಿಕೆ, ಮಣ್ಣು, ಹಲ್ಲು, ಕಿವುಡು. ಕವಿಗೆ ಹೇಳಲು ಏನಾದರೂ ಸಿಗುವುದು ಇಲ್ಲಿ.

ಈ ಬರ ಇವತ್ತಿನದೂ ಅಲ್ಲ. 14ನೇ ಶತಮಾನದ ಕವಿ ಚಾಸರ್ ಫ್ರೆಂಚ್ ಪದ್ಯಗಳನ್ನು ಇಂಗ್ಲಿಷಿಗೆ ತರುವಾಗಲೇ ಇಂಗ್ಲಿಷಿನಲ್ಲಿ ಪ್ರಾಸ ಸಾಲದೆಂದು ಹೇಳಿಕೊಂಡಿದ್ದ. ಇಟಾಲಿಯನ್ ಪದಗಳು ಹೆಚ್ಚಾಗಿ ಸ್ವರದಲ್ಲೇ ಮುಗಿಯುವುದರಿಂದ ಡಾಂಟೆಗೆ ತನ್ನ ಮಹಾಕಾವ್ಯದಲ್ಲಿ ಮೂರು ಮೂರು ಸಾಲಿನ ಪ್ರಾಸದ ಸರಪಳಿ ಸಾಧ್ಯವಾಯಿತು. ಕವಿ ಲಾಂಗ್‌ಫೆಲೊ ಆ ಕಾವ್ಯವನ್ನು ಇಂಗ್ಲಿಷಿಗೆ ತರುವಾಗ ಪ್ರಾಸವನ್ನೇ ಕೈಬಿಟ್ಟ. 1994ರಲ್ಲಿ ರಾಬರ್ಟ್ ಪಿನ್‌ಸ್ಕಿ ಅದರ 'ಇನ್‌ಫರ್ನೊ' ಭಾಗವನ್ನು ಅನುವಾದಿಸಿದಾಗ ಸರಪಳಿ ಉಳಿಯಿತು, ಉಳಿಸಿದ್ದು ಸಮೀಪಪ್ರಾಸ.

ಇನ್ನೊಂದು ಆಕ್ಷೇಪ: ಸಮೀಪಪ್ರಾಸಕ್ಕೆ ನಿಯಮವಿಲ್ಲ, ಏನು ಬೇಕಾದರೂ ನಡೆಯುತ್ತದೆ. ಇದಕ್ಕೆ ವಿಲ್ಫ್ರೆಡ್ ಓವೆನ್‌ನ ಕವಿತೆಗಳಿಗಿಂತ ಬೇರೆ ಉತ್ತರ ಬೇಕಿಲ್ಲ. ಮೊದಲ ಮಹಾಯುದ್ಧದ ಈ ಸೈನಿಕ ಕವಿ 1918ರ ನವೆಂಬರ್ 4ರಂದು, ಕದನವಿರಾಮಕ್ಕೆ ಒಂದು ವಾರವಿರುವಾಗ ಮಡಿದ. ಅವನ 'ಸ್ಟ್ರೇಂಜ್ ಮೀಟಿಂಗ್' ಕವಿತೆಯಲ್ಲಿ ಹಾಲ್ ಎಂಬುದಕ್ಕೆ ಹೆಲ್, ಗ್ರಾಯ್ನ್ಡ್ ಎಂಬುದಕ್ಕೆ ಗ್ರೋನ್ಡ್ ಜೋಡಿ. ಪದದ ಮೊದಲ ವ್ಯಂಜನವೂ ಕೊನೆಯ ವ್ಯಂಜನವೂ ಹಾಗೇ ಉಳಿದು ನಡುವಿನ ಸ್ವರ ಮಾತ್ರ ಬದಲಾಗಬೇಕು. ಪೂರ್ಣಪ್ರಾಸ ಪದದ ಬಾಲವನ್ನಷ್ಟೇ ಕೇಳುತ್ತದೆ, ಇದು ತಲೆಯನ್ನೂ ಕೇಳುತ್ತದೆ. ಸಡಿಲ ಯಾವುದು, ಬಿಗಿ ಯಾವುದು, ನೀವೇ ಹೇಳಿ. ಆ ಕವಿತೆಯಲ್ಲಿ ಸೈನಿಕನೊಬ್ಬ ಪಾತಾಳದಲ್ಲಿ ತಾನೇ ಕೊಂದ ಶತ್ರುವನ್ನು ಭೇಟಿಯಾಗುತ್ತಾನೆ. ಒಂದೇ ಎಲುಬುಗೂಡಿನ, ಆದರೆ ಬೇರೆ ದನಿಯ ಎರಡೆರಡು ಪದಗಳು ಅಲ್ಲಿ ಎದುರುಬದುರು ನಿಂತಿರುವುದು ಆಕಸ್ಮಿಕವಲ್ಲ. ಅಲ್ಲಿ ಪೂರ್ಣಪ್ರಾಸ ಹಾಕಿದ್ದರೆ ನರಕಕ್ಕೂ ಒಂದು ಸಮಾಧಾನದ ರಾಗ ಬಂದುಬಿಡುತ್ತಿತ್ತು.

ಸಮೀಪಪ್ರಾಸವನ್ನು ಧಾರಾಳವಾಗಿ ಬಳಸಿದ ಕವಿ ಎಮಿಲಿ ಡಿಕಿನ್ಸನ್‌ಳನ್ನೂ ಇಲ್ಲೇ ನೆನೆಯಬೇಕು. ಅವಳು ತೀರಿಹೋದ ಮೇಲೆ 1890ರಲ್ಲಿ ಕವಿತೆಗಳನ್ನು ಹೊರತಂದ ಸಂಪಾದಕರು ಪ್ರಾಸ ಸರಿಮಾಡಲೆಂದು ಕೆಲವೆಡೆ ಪದಗಳನ್ನೇ ಬದಲಿಸಿದರು. ಅವಳು ಬರೆದದ್ದನ್ನು ಅವಳು ಬರೆದಂತೆಯೇ ಕೊಡಲು ಹೊರಟ ಥಾಮಸ್ ಜಾನ್ಸನ್‌ರ ಆವೃತ್ತಿ ಬಂದದ್ದು 1955ರಲ್ಲಿ. ಪ್ರಾಸದ ಮಡಿಗೆ ಒಬ್ಬ ದೊಡ್ಡ ಕವಿಯ ಓದುಗರು ಆರು ದಶಕಗಳಿಗೂ ಮಿಕ್ಕಿ ತೆತ್ತ ಬೆಲೆ ಇದು.

ಪ್ರಾಸಕೋಶ ನೋಡುವುದು ಕಳ್ಳತನ ಎಂಬ ಮಾತಿಗೆ ಹೆಚ್ಚು ಹೊತ್ತು ಬೇಕಿಲ್ಲ. ಪೂರ್ಣಪ್ರಾಸದ ವಿಷಯದಲ್ಲಿ ಸ್ಟೀಫನ್ ಸೋಂಡ್‌ಹೈಮ್‌ನಷ್ಟು ಕಟ್ಟುನಿಟ್ಟಿನ ಗೀತಕಾರ ಅಪರೂಪ. ನಾಟಕದ ಹಾಡು ಒಮ್ಮೆ ಕಿವಿಗೆ ಬಿದ್ದು ಹೋಗುವಂಥದ್ದು, ಆದ್ದರಿಂದ ಪ್ರಾಸ ಖಚಿತವಾಗಿರಬೇಕು ಎಂಬ ಅವನ ವಾದ ರಂಗಭೂಮಿಯ ಮಟ್ಟಿಗೆ ನನಗೂ ಒಪ್ಪಿಗೆ. ಆ ಸೋಂಡ್‌ಹೈಮ್‌ನೇ ಕ್ಲೆಮೆಂಟ್ ವುಡ್‌ನ ಪ್ರಾಸಕೋಶವನ್ನು ಪಕ್ಕದಲ್ಲಿಟ್ಟುಕೊಂಡು ಬರೆಯುತ್ತಿದ್ದ, ಉಳಿದವರಿಗೂ ಅದನ್ನೇ ಸೂಚಿಸುತ್ತಿದ್ದ. ಕೋಶ ಪದಗಳನ್ನು ಮುಂದಿಡುತ್ತದೆ, ಅಷ್ಟೇ. ಆರಿಸುವ ಕೆಲಸ ಬರೆಯುವವನದು.

ನಮ್ಮ ಹಳಗನ್ನಡ ಕವಿಗಳು ಪ್ರಾಸದಲ್ಲಿ ಎಳ್ಳಷ್ಟೂ ರಿಯಾಯಿತಿ ತೋರಲಿಲ್ಲವಲ್ಲ ಎಂದು ಕೆಲವರು ಕೇಳುತ್ತಾರೆ. ನಮ್ಮ ಲಾಕ್ಷಣಿಕರ ಪಟ್ಟಿಯಲ್ಲೇ ವರ್ಗಪ್ರಾಸ, ಸಮೀಪಪ್ರಾಸ ಎಂಬ ಬಗೆಗಳಿವೆ. ಒಂದೇ ವರ್ಗದ ವ್ಯಂಜನಗಳು ಒಂದಕ್ಕೊಂದು ಪ್ರಾಸವಾಗಬಹುದು, ಸ ಶ ಷಗಳು ಒಂದರ ಜಾಗದಲ್ಲಿ ಇನ್ನೊಂದು ನಿಲ್ಲಬಹುದು. ಸಾಲುಗಳ ಎರಡನೇ ಅಕ್ಷರ ಹೊಂದಬೇಕೆಂಬ ದ್ವಿತೀಯಾಕ್ಷರ ಪ್ರಾಸವನ್ನೇ ಕವಿ ಗೋವಿಂದ ಪೈಗಳು 1911ರಲ್ಲಿ ಬಿಟ್ಟರು, ಕನ್ನಡ ಕವಿತೆ ಮುಂದಕ್ಕೇ ಹೋಯಿತು.

ವಿಚಿತ್ರವೆಂದರೆ, ಪೂರ್ಣಪ್ರಾಸಕ್ಕೆ ಹಟ ಹಿಡಿಯುವವರೇ ಎಷ್ಟೋ ಸಲ ಕಿವಿ ಬಿಟ್ಟು ಕಣ್ಣಿನಿಂದ ತೀರ್ಪು ಕೊಡುತ್ತಾರೆ. ಲವ್, ಮೂವ್ ಎರಡರ ಬಾಲವೂ ಕಾಗದದ ಮೇಲೆ ಒಂದೇ, ಆದ್ದರಿಂದ ಪಾಸು. ಶೂ, ಥ್ರೂ, ಬ್ಲೂ ಬೇರೆ ಬೇರೆ ಕಾಗುಣಿತ, ಆದ್ದರಿಂದ ಅನುಮಾನ. ಕಾಫ್, ದೋ, ಬೌ ಮೂರೂ ಒಂದೇ ನಾಲ್ಕು ಅಕ್ಷರಗಳಲ್ಲಿ ಮುಗಿಯುತ್ತವೆ, ಒಂದಕ್ಕೊಂದು ಪ್ರಾಸವಲ್ಲ. ಕಿವಿಯ ವಿಷಯದಲ್ಲೂ ಊರಿಂದ ಊರಿಗೆ ವ್ಯತ್ಯಾಸ: ಲಂಡನ್ನಿನವರ ಬಾಯಲ್ಲಿ ಡಾನ್, ಮಾರ್ನ್ ಪೂರ್ಣಪ್ರಾಸ, ರಕಾರವನ್ನು ನುಡಿಯುವ ಸ್ಕಾಟ್ಲೆಂಡಿನವರಿಗೂ ನಮಗೂ ಅದು ಸಮೀಪಪ್ರಾಸ. ಪೂರ್ಣ ಎಂಬ ಗೆರೆಯೇ ಹೀಗೆ ಜರುಗುವಾಗ ಅದರಾಚೆ ಕಾಲಿಟ್ಟವರನ್ನು ಸೋಮಾರಿ ಎನ್ನುವುದು ನ್ಯಾಯವಲ್ಲ.

ಮಕ್ಕಳ ಇಂಗ್ಲಿಷ್ ಪದ್ಯ ತಿದ್ದುವ ಶಿಕ್ಷಕರಲ್ಲಿ ನನ್ನದೊಂದು ವಿನಂತಿ. ಒಂದು ಮಗು ಡೆತ್‌ಗೆ ಫೇತ್ ಜೋಡಿಸಿದ್ದರೆ ದಯವಿಟ್ಟು ಕೆಂಪು ಗೆರೆ ಎಳೆಯುವ ಮೊದಲು ಆ ಎರಡು ಸಾಲನ್ನು ಗಟ್ಟಿಯಾಗಿ ಓದಿ. ಆ ಪದವನ್ನೇ ಏಕೆ ಆರಿಸಿದೆ ಎಂದು ಮಗುವನ್ನು ಕೇಳಿ. ಅಂಕ ಆಮೇಲೆ ಕೊಡಿ.