ಎಷ್ಟು ಮ್ಯಾಚ್ ನೋಡಿದ್ದೀಯ ಅಂತ ಕೇಳ್ಬೇಡಿ

ಏಪ್ರಿಲ್ 11, 2025

ನಾಳೆ, ಶನಿವಾರ ಸಂಜೆ ಏಳೂವರೆಗೆ, ಕೋಲ್ಕತ್ತದ ಸಾಲ್ಟ್ ಲೇಕ್ ಸ್ಟೇಡಿಯಂನಲ್ಲಿ ಐಎಸ್‌ಎಲ್ ಫೈನಲ್. ಒಂದು ಕಡೆ ಮೋಹನ್ ಬಗಾನ್, ಇನ್ನೊಂದು ಕಡೆ ನಮ್ಮ ಬೆಂಗಳೂರು ಎಫ್‌ಸಿ. ಇವತ್ತು ಬೆಳಗ್ಗೆ ಜಯನಗರ ಫೋರ್ತ್ ಬ್ಲಾಕ್‌ನಲ್ಲಿ ನಿಂತ್ಕೊಂಡು ಕಾಫಿ ಕುಡೀತಾ ಇದ್ದಾಗ ಸುಮ್ಮನಿರಲಾರದೆ ಬಾಯಿಬಿಟ್ಟೆ. "ನಾಳೆ ಗೆಲ್ತೀವಿ ಕಣೋ."

ಜೊತೆಗಿದ್ದ ಗೆಳೆಯ ಫುಟ್‌ಬಾಲ್ ಪಂಡಿತ. ಇಂಗ್ಲೆಂಡು, ಸ್ಪೇನು ಅಂತ ಮಧ್ಯರಾತ್ರಿ ತನಕ ಎದ್ದಿದ್ದು ಮ್ಯಾಚ್ ನೋಡೋನು. ಲೋಟ ಕೆಳಗಿಟ್ಟ, ನನ್ನ ಮುಖ ನೋಡಿದ, ಒಂದೇ ಪ್ರಶ್ನೆ ಕೇಳಿದ. "ಈ ಸೀಸನ್ ಎಷ್ಟು ಮ್ಯಾಚ್ ನೋಡಿದ್ದೀಯ?"

ಎರಡು. ಸುಳ್ಳು ಯಾಕೆ ಹೇಳ್ಲಿ? ಮಾರ್ಚ್ 29ಕ್ಕೆ ಮುಂಬೈ ಸಿಟಿಯನ್ನ ಐದು-ಸೊನ್ನೆಯಿಂದ ಬಡಿದದ್ದನ್ನ ಟಿವಿಯಲ್ಲಿ ನೋಡಿದೆ. ಹೋದ ಭಾನುವಾರ ಗೋವಾದಲ್ಲಿ ನಡೆದ ಸೆಮಿಫೈನಲ್ಲನ್ನ ಫೋನಿನಲ್ಲಿ ನೋಡಿದೆ, ಅದೂ ಮೆಟ್ರೋದಲ್ಲಿ ಮನೆಗೆ ಬರ್ತಾ. ಟ್ರೈನು ಮೆಜೆಸ್ಟಿಕ್ ಬಿಟ್ಟು ಸುರಂಗಕ್ಕೆ ಹೋಗುವಾಗ ಎರಡೂ ಮ್ಯಾಚ್ ಸೇರಿ ಎರಡು-ಎರಡು ಸಮ ಆಗಿತ್ತು. ಚಿಕ್ಕಪೇಟೆ, ಮಾರ್ಕೆಟ್ ದಾಟೋ ತನಕ ವಿಡಿಯೋ ಸುತ್ತುತ್ತಲೇ ಇತ್ತು. ನ್ಯಾಷನಲ್ ಕಾಲೇಜ್ ಹತ್ತಿರ ಮೇಲೆ ಬಂದು ಸಿಗ್ನಲ್ ಹಿಡಿಯೋ ಹೊತ್ತಿಗೆ ಸುನಿಲ್ ಛೆಟ್ರಿ ಆಗಲೇ ಗೋಲು ಹೊಡೆದು ಮುಗಿಸಿದ್ದ. ತೊಂಬತ್ತು ನಿಮಿಷ ದಾಟಿದ ಮೇಲೆ, ತಲೆಯಿಂದ, ನಲವತ್ತನೇ ವಯಸ್ಸಿನಲ್ಲಿ. ಸೀಸನ್ನಿನ ಅತಿ ದೊಡ್ಡ ಗೋಲನ್ನ ನಾನು ನೋಡಲೇ ಇಲ್ಲ. ಆದರೂ ಬೋಗಿಯಲ್ಲಿ ಹಾಗೇ ಕೂಗಿದೆ. ಎದುರಿಗೆ ಕೂತಿದ್ದ ಆಂಟಿ ಬ್ಯಾಗ್ ಗಟ್ಟಿಯಾಗಿ ಹಿಡ್ಕೊಂಡ್ರು.

ಸರಿ, ನಾನು ಅಪರೂಪಕ್ಕೆ ಬರೋ ಅಭಿಮಾನಿ. ಒಪ್ಕೊಂಡೆ. ಒಪ್ಪಲಾರದ್ದು ಗೆಳೆಯನ ಪ್ರಶ್ನೆಯನ್ನ. ಅದರೊಳಗೆ ಪಿಯು ಕಾಲೇಜಿನ ಕಾನೂನೇ ಅಡಗಿದೆ. ಎಪ್ಪತ್ತೈದು ಪರ್ಸೆಂಟ್ ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರೋ ಹಾಗಿಲ್ಲ, ಅಷ್ಟು ಮ್ಯಾಚ್ ನೋಡದಿದ್ದರೆ ಫೈನಲ್ ಹಿಂದಿನ ದಿನ ಆಸೆ ಪಡೋ ಹಾಗಿಲ್ಲ. ಈ ಕಾನೂನು ಮಾಡಿದೋರು ಯಾರು ಸ್ವಾಮಿ?

ಪಂಡಿತರ ಲೆಕ್ಕ ನನಗೆ ಗೊತ್ತಿಲ್ಲ ಅಂತಲ್ಲ. ಲೀಗ್‌ನಲ್ಲಿ ಬಗಾನ್ ಗಳಿಸಿದ್ದು 56 ಅಂಕ, ನಾವು 38. ಅವರು ಮೊದಲು, ನಾವು ಮೂರನೇದು. ಅವರು ಈ ಸಲ ಲೀಗ್‌ನಲ್ಲಿ ತಮ್ಮ ಮನೆಯಂಗಳದಲ್ಲಿ ಒಂದೂ ಸೋತಿಲ್ಲ. ಜನವರಿಯಲ್ಲಿ ಅಲ್ಲಿಗೆ ಹೋಗಿ ಒಂದು-ಸೊನ್ನೆಯಿಂದ ಸೋತು ಬಂದೋರು ನಾವು. ನಾಳೆ ಆಟವೂ ಅದೇ ಅಂಗಳದಲ್ಲಿ, ಅವರದೇ ಜನರ ನಡುವೆ. ಇಷ್ಟನ್ನೂ ಓದ್ಕೊಂಡೇ ಹೇಳ್ತಾ ಇದ್ದೀನಿ, ಗೆಲ್ತೀವಿ.

ಯಾಕೆ ಅಂದ್ರೆ, ಲೀಗ್‌ನ ಇಪ್ಪತ್ನಾಲ್ಕು ಮ್ಯಾಚಲ್ಲಿ ಬಗಾನ್ ಸೋತಿದ್ದು ಎರಡೇ. ಅದರಲ್ಲಿ ಒಂದು ಕಂಠೀರವದಲ್ಲಿ, ಸೆಪ್ಟೆಂಬರ್ 28ಕ್ಕೆ, ನಮ್ಮ ಕೈಲಿ, ಮೂರು-ಸೊನ್ನೆ. ಅಂಕಪಟ್ಟಿ ಇಡೀ ವರ್ಷದ ಕಥೆ ಹೇಳುತ್ತೆ. ಫೈನಲ್ ಒಂದು ಸಂಜೆಯ ಆಟ. ಫುಟ್‌ಬಾಲಲ್ಲಿ ಗೋಲು ಬೀಳೋದೇ ಅಪರೂಪ. ಒಂದು ಕಾರ್ನರ್, ಒಂದು ತಪ್ಪು ಪಾಸ್, ಅಷ್ಟಕ್ಕೇ ಇಡೀ ಸೀಸನ್ನಿನ ಲೆಕ್ಕ ಪೂರಾ ತಲೆಕೆಳಗಾಗುತ್ತೆ. ದುರ್ಬಲ ತಂಡಕ್ಕೂ ಇಷ್ಟು ಅವಕಾಶ ಉಳಿಸೋ ಆಟ ಬೇರೆ ಕಮ್ಮಿ. ಜನ ಈ ಆಟ ನೋಡೋದಕ್ಕೆ ಅರ್ಧ ಕಾರಣವೇ ಅದು.

ಅಂಕಪಟ್ಟಿ ನಮ್ಮ ಪರ ಇದ್ದಾಗ ಏನಾಯ್ತು ಅಂತ ನೆನಪು ಮಾಡ್ಕೊಳ್ಳಿ. 2018, ಮಾರ್ಚ್ 17. ಲೀಗ್‌ನಲ್ಲಿ ನಾವೇ ಮೊದಲು, ಎರಡನೇ ಸ್ಥಾನದ ಚೆನ್ನೈಯಿನ್‌ಗಿಂತ ಎಂಟು ಅಂಕ ಮುಂದೆ. ಫೈನಲ್ ಕಂಠೀರವದಲ್ಲೇ. ಒಂಬತ್ತನೇ ನಿಮಿಷಕ್ಕೆ ಛೆಟ್ರಿ ಗೋಲು. ಊರೆಲ್ಲ ಮೆರವಣಿಗೆಗೆ ರೆಡಿ. ಕೊನೆಗೆ ಮೂರು-ಎರಡರಿಂದ ಸೋತ್ವಿ. ಆವತ್ತು ಲೆಕ್ಕ ಹಾಕಿದೋರೂ ಮಣ್ಣು ಮುಕ್ಕಿದ್ರು, ಸುಮ್ನೆ ಆಸೆಪಟ್ಟೋರೂ ಮಣ್ಣು ಮುಕ್ಕಿದ್ರು. ಮರುವರ್ಷ ಅದೇ ಮಾರ್ಚ್ 17ಕ್ಕೆ ಮುಂಬೈನಲ್ಲಿ, 117ನೇ ನಿಮಿಷದಲ್ಲಿ ರಾಹುಲ್ ಭೇಕೆ ತಲೆಯಿಂದ ಗೋವಾ ವಿರುದ್ಧ ಹೊಡೆದ ಒಂದೇ ಗೋಲಿಗೆ ಕಪ್ ಬಂತು. ನಾವು ಗೆದ್ದ ಐಎಸ್‌ಎಲ್ ಕಪ್ ಇವತ್ತಿಗೂ ಅದೊಂದೇ.

ಬಗಾನ್ ಜೊತೆಗಂತೂ ಹಳೇ ಲೆಕ್ಕ ಇದೆ. ಇಲ್ಲಿ ನನ್ನ ವಿಷಯವೂ ಬರುತ್ತೆ. ನಾನು ಮೊದಲ ಸಲ ಸ್ಟೇಡಿಯಂಗೆ ಹೋಗಿ ಫುಟ್‌ಬಾಲ್ ನೋಡಿದ್ದು 2015ರ ಮೇ 31ಕ್ಕೆ. ಬಿಟಿಎಂನಲ್ಲಿ ರೂಮ್‌ಮೇಟ್ ಹತ್ರ ಒಂದು ಟಿಕೆಟ್ ಜಾಸ್ತಿ ಇತ್ತು, "ಬಾರೋ ಮಗಾ" ಅಂತ ಎಳ್ಕೊಂಡು ಹೋದ. ಐ-ಲೀಗ್‌ನ ಕೊನೆಯ ಮ್ಯಾಚ್. ನಾವು ಗೆದ್ರೆ ಲೀಗ್ ನಮ್ದು, ಡ್ರಾ ಆದ್ರೂ ಬಗಾನ್‌ಗೆ. ಆಫ್‌ಸೈಡ್ ಅಂದ್ರೆ ಏನು ಅಂತ ದಾರೀಲಿ ಕೇಳಿ ತಿಳ್ಕೊಂಡೆ. ಮೊದಲ ಅರ್ಧದಲ್ಲಿ ಜಾನ್ ಜಾನ್ಸನ್ ಗೋಲು ಹೊಡೆದ. ನನ್ನ ಪಕ್ಕ ಕೂತಿದ್ದ, ಹೆಸರು ಕೂಡ ಗೊತ್ತಿಲ್ಲದ ಒಬ್ಬರು ನನ್ನನ್ನ ಎತ್ತಿಬಿಟ್ರು. 87ನೇ ನಿಮಿಷಕ್ಕೆ ಬೆಲ್ಲೋ ರಜಾಕ್ ತಲೆಯಿಂದ ಸಮ ಮಾಡಿದ. ಅಷ್ಟೇ, ಲೀಗ್ ಹೋಯ್ತು.

ಆ ರಾತ್ರಿ ಬಿಟಿಎಂವರೆಗೆ ನಾವಿಬ್ಬರೂ ಒಂದೂ ಮಾತಾಡಲಿಲ್ಲ. ಮೂರು ಗಂಟೆಯ ಹಿಂದೆ ಆಫ್‌ಸೈಡ್ ಗೊತ್ತಿಲ್ಲದವನಿಗೆ, ಎರಡು ವರ್ಷದಿಂದ ಒಂದೂ ಮ್ಯಾಚ್ ಬಿಡದ ರೂಮ್‌ಮೇಟಿಗಿಂತ ಕಮ್ಮಿ ನೋವಾಯ್ತು ಅಂತ ನೀವು ಹೇಳಬಹುದು. ಯಾವ ತಕ್ಕಡಿಯಲ್ಲಿ ತೂಗಿದ್ರಿ?

ಆಮೇಲೆ 2017ರ ಫೆಡರೇಷನ್ ಕಪ್ ಫೈನಲ್, ಕಟಕ್‌ನಲ್ಲಿ. ಮತ್ತೆ ಬಗಾನ್. ಎಕ್ಸ್‌ಟ್ರಾ ಟೈಮ್‌ನಲ್ಲಿ ಸಿ.ಕೆ. ವಿನೀತ್ ಎರಡು ಗೋಲು ಹೊಡೆದ, ಕಪ್ ನಮಗೆ. 2023ರ ಐಎಸ್‌ಎಲ್ ಫೈನಲ್, ಗೋವಾದಲ್ಲಿ. ಮತ್ತೆ ಬಗಾನ್. ಎರಡು-ಎರಡು ಸಮ ಆಗಿ ಪೆನಾಲ್ಟಿಯಲ್ಲಿ ಸೋತ್ವಿ. ಒಂದು ಸಲ ಮೂರು ನಿಮಿಷದಲ್ಲಿ ತಪ್ಪಿತು, ಒಂದು ಸಲ ಸಿಕ್ಕಿತು, ಒಂದು ಸಲ ಪೆನಾಲ್ಟಿ ಚುಕ್ಕಿಯಲ್ಲಿ ಹೋಯ್ತು. ಇಂಥ ಇತಿಹಾಸ ಇಟ್ಕೊಂಡು ನಾಳೆ ಸೋಲೋದು ಗ್ಯಾರಂಟಿ ಅನ್ನೋನೇ ಆಟ ನೋಡಿಲ್ಲ ಅಂತ ನನ್ನ ವಾದ.

ಇನ್ನೊಂದು ಮಾತು. ನಮ್ಮ ಪಂಡಿತನೂ ಹುಟ್ಟಿ ಬೆಳೆದದ್ದು ಜೆ.ಪಿ. ನಗರದಲ್ಲೇ. ಬೆಂಗಳೂರಿನ ಫುಟ್‌ಬಾಲ್ ನಮ್ಮ ಕಡೆಯದಲ್ಲ. ಅದು ದಂಡು ಪ್ರದೇಶದ ಆಟ. ಆಸ್ಟಿನ್ ಟೌನ್, ಹಲಸೂರಿನ ಹತ್ತಿರದ ಗೌತಮಪುರ. ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಒಂದೇ ಗೋಲು ಹೊಡೆದ ಸಾರಂಗಪಾಣಿ ರಾಮನ್ ಈ ಊರಿನವರು. ಅದೇ ತಂಡದಲ್ಲಿ ಆಡಿ, ಆಮೇಲೆ ಕೋಲ್ಕತ್ತದ ಈಸ್ಟ್ ಬೆಂಗಾಲ್‌ನಲ್ಲಿ ಹೆಸರು ಮಾಡಿದ ಅಹ್ಮದ್ ಖಾನ್ ಈ ಊರಿನವರು. ಆ ತಂಡದ ಬಹುತೇಕರು ಬರಿಗಾಲಲ್ಲಿ ಆಡಿದ್ದು. ಆಗ ನಮ್ಮ ಜಯನಗರ ಇನ್ನೂ ಬೆಳೆದೇ ಇರಲಿಲ್ಲ. ಹಾಜರಾತಿ ಕೇಳೋ ಹಕ್ಕು ಯಾರಿಗಾದರೂ ಇದ್ದರೆ ಅದು ಆ ಬೀದಿಗಳ ಹಿರಿಯರಿಗೆ. ಅವರು ಕೇಳೋದನ್ನ ನಾನು ಒಂದು ಸಲವೂ ಕೇಳಿಲ್ಲ. ಕೇಳೋನು ನಮ್ಮ ಪಂಡಿತ, ರಿಂಗ್ ರೋಡ್ ಪಕ್ಕದ ಟರ್ಫ್‌ನಲ್ಲಿ ವಾರಕ್ಕೊಂದು ಸಲ ಒದೆಯೋನು.

ತಮಾಷೆ ಏನಪ್ಪಾ ಅಂದ್ರೆ, ಇದೇ ಊರು ಕ್ರಿಕೆಟ್‌ಗೆ ಇಂಥ ಪ್ರಶ್ನೆ ಕೇಳೋದೇ ಇಲ್ಲ. ನಿನ್ನೆ ರಾತ್ರಿ ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ ಡೆಲ್ಲಿ ಎದುರು ಸೋತಿತು. ಸೋಲಿಸಿದ್ದು ನಮ್ಮ ಕೆ.ಎಲ್. ರಾಹುಲ್, ಔಟಾಗದೆ 93. ಇವತ್ತು ಬೆಳಗ್ಗೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಲ್ಲಿ ಏನು ಬಂದಿದೆ ಗೊತ್ತಾ? ಈ ಸಲ ಕಪ್ ನಮ್ದೇ! ಹದಿನೇಳು ಸೀಸನ್ ಆಯ್ತು, ಗಂಡಸರ ತಂಡ ಒಂದು ಕಪ್ ತಂದಿಲ್ಲ. ತಂದೋರು ಹೆಣ್ಣುಮಕ್ಕಳು, ಹೋದ ವರ್ಷ. ಆದರೂ ಬನಶಂಕರಿಯ ಅಜ್ಜಿಯಿಂದ ಹಿಡಿದು ಎಲ್‌ಕೆಜಿ ಮಗುವರೆಗೆ ಎಲ್ಲರೂ ಅದನ್ನ ಹೇಳ್ತಾರೆ. ಯಾರೂ "ಅಜ್ಜೀ, ಈ ಸೀಸನ್ ಎಷ್ಟು ಮ್ಯಾಚ್ ನೋಡಿದ್ರಿ" ಅಂತ ಕೇಳಲ್ಲ. ಹಾಗೆ ಕೇಳದೇ ಇರೋದರಿಂದಲೇ ಆರ್‌ಸಿಬಿ ಇಡೀ ಊರಿನ ತಂಡವಾಗಿದೆ. ಕಪ್ ಇಲ್ಲದೆಯೂ ಆಗಿದೆ. ಫುಟ್‌ಬಾಲ್ ಕ್ಲಬ್ಬು ಕಪ್ ಇದ್ದೂ ಆಗಿಲ್ಲ. 2013ರಲ್ಲಿ ಹುಟ್ಟಿ, ಆಡಿದ ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದ ಕ್ಲಬ್ ಇದು. ನಮ್ಮ ಆಫೀಸಿನಲ್ಲಿ ಅರ್ಧ ಜನಕ್ಕೆ ಗೊತ್ತಿಲ್ಲ.

ಈಗ ಪಂಡಿತನ ಪಕ್ಷದಲ್ಲೂ ಒಂದು ಮಾತು ಹೇಳ್ಬೇಕು, ಇಲ್ಲದಿದ್ರೆ ಅನ್ಯಾಯವಾಗುತ್ತೆ. ಅವನಿಗೆ ಕೋಪ ಬರೋದಕ್ಕೆ ಕಾರಣ ಇದೆ. ನವೆಂಬರ್, ಡಿಸೆಂಬರಿನ ಸಾಧಾರಣ ಮ್ಯಾಚಿಗೆ ಅವನು ಹೋದಾಗ ಸುತ್ತ ಖಾಲಿ ಕುರ್ಚಿಗಳಿರ್ತವೆ. ವೆಸ್ಟ್ ಬ್ಲಾಕ್‌ನ ಹುಡುಗರು ತೊಂಬತ್ತು ನಿಮಿಷ ನಿಂತೇ ಹಾಡ್ತಿರ್ತಾರೆ, ನಾವು ಯಾರೂ ಇರಲ್ಲ. ಫೈನಲ್ ಬಂದ ಕೂಡಲೇ ಹೊಸ ಜೆರ್ಸಿ ಹಾಕ್ಕೊಂಡು "ನಾವು, ನಮ್ದು" ಅಂತ ಶುರು ಮಾಡ್ತೀವಿ. ನಮ್ಮ ಆಸೆಗೆ ನಾವು ಇದುವರೆಗೆ ಒಂದು ರೂಪಾಯಿ ಕೊಟ್ಟಿಲ್ಲ, ಒಂದು ಸಂಜೆ ಕೊಟ್ಟಿಲ್ಲ. ಕಪ್ ಬಂದರೆ ಪಾಲು ಬೇಕು, ಸೋತರೆ ಸೋಮವಾರಕ್ಕೆ ಮರೆತುಬಿಡ್ತೀವಿ. ಈ ಆರೋಪ ನಿಜ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಆದರೆ ಇದಕ್ಕೆ ಮದ್ದು ನನ್ನ ಬಾಯಿ ಮುಚ್ಚಿಸೋದಾ? ಇವತ್ತು ಆಸೆಪಟ್ಟವನೇ ತಾನೇ ನಾಳೆ ಟಿಕೆಟ್ ತಗೊಳ್ಳೋದು? 2015ರಲ್ಲಿ ನನ್ನ ರೂಮ್‌ಮೇಟ್ "ನಿಂಗೇನು ಗೊತ್ತು" ಅಂದಿದ್ದರೆ ನಾನು ಇವತ್ತಿಗೂ ಆಫ್‌ಸೈಡ್ ಗೊತ್ತಿಲ್ಲದೆ ಇರ್ತಿದ್ದೆ. ಅವನು "ಬಾರೋ ಮಗಾ" ಅಂದ. ಖಾಲಿ ಕುರ್ಚಿ ತುಂಬೋದು ಆ ಮಾತಿನಿಂದ. ಬಾಗಿಲಲ್ಲಿ ನಿಂತು ಪರೀಕ್ಷೆ ಮಾಡಿದರೆ ಒಳಗೆ ಅದೇ ನಾಲ್ಕು ಜನ ಉಳೀತಾರೆ, ಆಮೇಲೆ ಅದೇ ನಾಲ್ಕು ಜನ "ಈ ಊರಿಗೆ ಫುಟ್‌ಬಾಲ್ ಬೇಡ" ಅಂತ ಅಳ್ತಾರೆ.

ಹಾಗಾಗಿ ನನ್ನಂಥ ಅಪರೂಪದ ಅಭಿಮಾನಿಗಳಿಗೆ ಒಂದು ಮಾತು. ನಾಳೆ ಧಾರಾಳವಾಗಿ ಆಸೆಪಡಿ, ಜೋರಾಗಿ ಕೂಗಿ, ಯಾರ ಅಪ್ಪಣೆಯೂ ಬೇಡ. ಆದರೆ ಮುಂದಿನ ಸೀಸನ್ ಶುರುವಾದಾಗ ಒಂದು ಸಾಧಾರಣ ಮ್ಯಾಚಿಗೆ ಹೋಗಿ. ಅಂಕಪಟ್ಟಿಯ ತಳದ ತಂಡದ ಜೊತೆ ಇದ್ದರೂ ಸರಿ, ವಾರದ ಮಧ್ಯೆ ಇದ್ದರೂ ಸರಿ. ಗ್ರೀನ್ ಲೈನ್ ಹಿಡಿದು ಮೆಜೆಸ್ಟಿಕ್, ಅಲ್ಲಿಂದ ಪರ್ಪಲ್ ಲೈನಲ್ಲಿ ಕಬ್ಬನ್ ಪಾರ್ಕ್, ಇಳಿದು ಸ್ವಲ್ಪ ನಡೆದರೆ ಕಂಠೀರವ. ಮಾಲ್‌ನಲ್ಲಿ ಸಿನಿಮಾ ನೋಡಿ ಪಾಪ್‌ಕಾರ್ನ್ ತಿನ್ನೋ ದುಡ್ಡಿಗಿಂತ ಕಮ್ಮಿ ಖರ್ಚು. ಪಂಡಿತರಿಗೂ ಒಂದು ಮಾತು. ಪ್ರಶ್ನೆ ಕೇಳಲೇಬೇಕು ಅಂತಿದ್ರೆ "ಎಷ್ಟು ನೋಡಿದ್ದೀಯ" ಅಂತ ಬೇಡ, "ಮುಂದಿನದಕ್ಕೆ ಬರ್ತೀಯಾ" ಅಂತ ಕೇಳಿ.

ನಾಳೆ ಸಂಜೆ ಬನಶಂಕರಿ ಸೆಕೆಂಡ್ ಸ್ಟೇಜಿನಲ್ಲಿ ಅಕ್ಕನ ಮನೆಯಲ್ಲಿ ಏಳೆಂಟು ಜನ ಸೇರ್ತಾ ಇದ್ದೀವಿ. ಅಕ್ಕ ಪುಳಿಯೋಗರೆ ಮಾಡ್ತೀನಿ ಅಂದಿದ್ದಾಳೆ. ಪಂಡಿತನನ್ನೂ ಕರೆದಿದ್ದೀನಿ. ಎರಡು-ಒಂದು, ನಮಗೆ. ಛೆಟ್ರಿ ಒಂದು ಹೊಡೀತಾನೆ. ಬರೆದಿಟ್ಕೊಳ್ಳಿ.

ತಾ.ಕ. (ಈ ಪುಸ್ತಕಕ್ಕೆ, ಸೆಪ್ಟೆಂಬರ್ 2025): ಎರಡು-ಒಂದು ಸರಿಯಾಗೇ ಹೇಳಿದ್ದೆ, ಯಾರಿಗೆ ಅನ್ನೋದು ತಪ್ಪಾಯ್ತು. 49ನೇ ನಿಮಿಷಕ್ಕೆ ಬಗಾನ್‌ನವರೇ ತಮ್ಮ ಬಲೆಗೆ ಹೊಡ್ಕೊಂಡು ನಮ್ಮನ್ನ ಮುಂದೆ ಕಳಿಸಿದ್ರು. 72ಕ್ಕೆ ಕಮಿಂಗ್ಸ್ ಪೆನಾಲ್ಟಿ, ಎಕ್ಸ್‌ಟ್ರಾ ಟೈಮ್‌ನಲ್ಲಿ 96ಕ್ಕೆ ಮ್ಯಾಕ್‌ಲಾರೆನ್. ನಡುವಿನ ಇಪ್ಪತ್ಮೂರು ನಿಮಿಷ ಅಕ್ಕನ ಮನೆಯ ಹಾಲ್‌ನಲ್ಲಿ ಕಪ್ ನಮ್ಮದೇ ಆಗಿತ್ತು. ಪಂಡಿತನೂ ಕುಣಿದ.

ಮುಂದಿನ ಸೀಸನ್ ಟಿಕೆಟ್ ತಗೊಳ್ಳೋಣ ಅಂದ್ರೆ ಸೀಸನ್ನೇ ಇಲ್ಲ. ಫುಟ್‌ಬಾಲ್ ಫೆಡರೇಷನ್ನಿಗೂ ಲೀಗ್ ನಡೆಸೋ ಕಂಪನಿಗೂ ನಡುವಿನ ಒಪ್ಪಂದ ಮುಂದುವರಿಯದೆ ಜುಲೈನಲ್ಲಿ ಐಎಸ್‌ಎಲ್ ನಿಂತುಹೋಯ್ತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ತಡೆಹಿಡಿಯಿತು. ಈಗ ಹಾಜರಾತಿ ಕೇಳೋಕೂ ಮ್ಯಾಚ್ ಇಲ್ಲ. ಮೊನ್ನೆ ಪಂಡಿತ ಮೆಸೇಜ್ ಮಾಡಿದ್ದ. "ಶುರುವಾದ ದಿನ ಇಬ್ಬರೂ ಹೋಗೋಣ. ನಿಂದು ಟಿಕೆಟ್ ನಾನೇ ತಗೊಳ್ತೀನಿ."