ಅಳಿಸುವ ಮುನ್ನ ಎರಡು ಸಾಲು

ನಮ್ಮ ಮಾನ್ವಿಯ ಪದವಿ ತರಗತಿಯ ಹುಡುಗಿಯೊಬ್ಬಳು ಕನ್ನಡ ವಿಕಿಪೀಡಿಯದಲ್ಲಿ ಜಗನ್ನಾಥದಾಸರ ಬಗ್ಗೆ ಬರೆಯಲು ಕೂತಳು ಎಂದಿಟ್ಟುಕೊಳ್ಳಿ. ಬ್ಯಾಗವಾಟದಲ್ಲಿ ಹುಟ್ಟಿದ್ದು, 1728ರಿಂದ 1809ರವರೆಗಿನ ಬಾಳು, ಭಾಮಿನಿ ಷಟ್ಪದಿಯ ‘ಹರಿಕಥಾಮೃತಸಾರ’, ಇಷ್ಟೆಲ್ಲ ಸರಾಗ ಸಾಗಿತು. ಮುಂದೆ ಮನೆಯಲ್ಲಿ ಕೇಳಿದ್ದನ್ನು ಹಾಗೇ ಇಳಿಸಿದಳು: “ವಿಜಯದಾಸರನ್ನು ಹೀಯಾಳಿಸಿದ್ದಕ್ಕೆ ಪರಮಪೂಜ್ಯರಿಗೆ ಹೊಟ್ಟೆಶೂಲೆ ಬಂತು. ಗೋಪಾಲದಾಸರು ತಮ್ಮ ಆಯುಷ್ಯದ 40 ವರ್ಷ ಕೊಟ್ಟು ಉಳಿಸಿದರು.” ಮರುದಿನ ನೋಡಿದರೆ ಆ ಪ್ಯಾರಾ ಮಾಯ. ಪುಟದ ಇತಿಹಾಸದಲ್ಲಿ ಒಂದೇ ಮಾತು: “ಉಲ್ಲೇಖವಿಲ್ಲ.”

ಅಳಿಸಿದವರು ನಿಯಮದ ಪ್ರಕಾರವೇ ನಡೆದಿದ್ದಾರೆ. ವಿಶ್ವಕೋಶದಲ್ಲಿ ಪವಾಡವನ್ನು ಕಣ್ಣಾರೆ ಕಂಡವರಂತೆ ಬರೆಯಲಾಗದು. ಆದರೆ ಹುಡುಗಿಗೆ ಏನು ತಿಳಿಯಿತು? ಕಥೆಯೇ ಬೇಡವೋ, ಪುಸ್ತಕದ ಹೆಸರು ಬೇಕೋ, ‘ಪರಮಪೂಜ್ಯ’ ಹೆಚ್ಚಾಯಿತೋ? “ತಂಗೀ, ಕಥೆ ಇರಲಿ. ಕೊನೆಗೆ ‘ಎಂಬ ಐತಿಹ್ಯವಿದೆ’ ಎಂದು ಸೇರಿಸು, ಅಚ್ಚಾದ ಪುಸ್ತಕದ ಪುಟಸಂಖ್ಯೆ ಕೊಡು, ವಿಶೇಷಣ ತೆಗೆ” ಎಂದು ಚರ್ಚೆಪುಟದಲ್ಲಿ ಬರೆದಿದ್ದರೆ ಐದು ನಿಮಿಷದ ಕೆಲಸ. ಅಂದಹಾಗೆ, ಆ ಐತಿಹ್ಯದಲ್ಲಿ ಕನ್ನಡದಲ್ಲಿ ಹಾಡುವವರೆಂದು ದಾಸರನ್ನು ಹಗುರ ಮಾಡಿದವರು ಸಂಸ್ಕೃತ ಪಂಡಿತ ಶ್ರೀನಿವಾಸಾಚಾರ್ಯರು. ಅವರೇ ಆಮೇಲೆ ಜಗನ್ನಾಥದಾಸರಾದರು. ಇಂಥ ಕಥೆ ಹೋದರೆ ಪುಟವೇ ಬಡವಾಗುತ್ತದೆ.

ಹಿರಿಯ ಸಂಪಾದಕರ ಬೇಸರಕ್ಕೂ ಕಾರಣವಿದೆ. 2011ರಲ್ಲಿ ಪುಣೆಯ ಕಾಲೇಜುಗಳ ವಿದ್ಯಾರ್ಥಿಗಳನ್ನು ಇಂಗ್ಲಿಷ್ ವಿಕಿಪೀಡಿಯಕ್ಕೆ ಕರೆತಂದಾಗ ಅನೇಕರು ಪುಸ್ತಕ, ಜಾಲತಾಣಗಳಿಂದ ಎತ್ತಿ ಅಂಟಿಸಿದರು. ಕೃತಿಚೌರ್ಯ ಹುಡುಕಿ ತೆಗೆಯುವಷ್ಟರಲ್ಲಿ ಸ್ವಯಂಸೇವಕರು ಹೈರಾಣಾದರು, ಕಾರ್ಯಕ್ರಮ ಅದೇ ವರ್ಷ ನಿಂತಿತು. ಕನ್ನಡ ವಿಕಿಪೀಡಿಯ ಶುರುವಾಗಿದ್ದು 2003ರಲ್ಲಿ. ಬೆಂಗಳೂರಿನ ಕ್ರೈಸ್ಟ್, ಮೂಡುಬಿದಿರೆಯ ಆಳ್ವಾಸ್‌ನಂಥ ಕಡೆ ವಿದ್ಯಾರ್ಥಿಗಳು ಅದಕ್ಕೆ ಬರೆದಿದ್ದಾರೆ. ಬರೆಯುವವರು ತರಗತಿಗಟ್ಟಲೆ ಬರುತ್ತಾರೆ, ತಿದ್ದುವವರು ಬೆರಳೆಣಿಕೆಯಷ್ಟು. ಅದರಲ್ಲೂ ಲೇಖನದ ಉದ್ದ ನೋಡಿ ಆಂತರಿಕ ಅಂಕ ಕೊಡುವುದಾದರೆ ನಕಲು ಬಾರದೆ ಇನ್ನೇನು ಬಂದೀತು? ಉದ್ದಕ್ಕೆ ಅಂಕ ಕೊಡುವ ಪದ್ಧತಿ ಮೊದಲು ನಿಲ್ಲಬೇಕು. ವಿದ್ಯಾರ್ಥಿಗಳು ಪ್ರಯೋಗಪುಟದಲ್ಲಿ ಬರೆದದ್ದನ್ನು ಮೇಷ್ಟ್ರು ಒಮ್ಮೆ ಓದಿ, ಆಮೇಲೆ ಲೇಖನವಾಗಿಸಲು ಹೇಳಲಿ.

ಇನ್ನೊಂದು ಸಣ್ಣ ಸಂಗತಿ. ಮೊಬೈಲಿನಲ್ಲೇ ಬರೆಯುವ ಹುಡುಗರಿಗೆ ಎಷ್ಟೋ ಸಲ ಚರ್ಚೆಪುಟ ಎಲ್ಲಿದೆ ಎಂಬುದೇ ಗೊತ್ತಿರುವುದಿಲ್ಲ. ಹಿರಿಯರು ಅಲ್ಲಿ ಹಾಕಿದ ಎಚ್ಚರಿಕೆ ಅವರ ಕಣ್ಣಿಗೆ ಬೀಳುವುದಿಲ್ಲ, ಉತ್ತರ ಬಾರದ್ದಕ್ಕೆ ‘ಉಡಾಫೆ’ ಎಂಬ ಪಟ್ಟ ಮಾತ್ರ ಸಿಗುತ್ತದೆ. ಮೊದಲ ಪಾಠದಲ್ಲೇ ಚರ್ಚೆಪುಟವನ್ನೂ, ಕನ್ನಡ ವಿಕಿಪೀಡಿಯದವರು ಊರೊಟ್ಟಿನ ಮಾತಿಗೆ ಮಾಡಿಕೊಂಡಿರುವ ‘ಅರಳಿ ಕಟ್ಟೆ’ಯನ್ನೂ ತೋರಿಸಿಬಿಟ್ಟರೆ ಅರ್ಧ ಜಗಳ ಹುಟ್ಟುವುದಿಲ್ಲ.

“ಚೆನ್ನಾಗಿದೆ, ಮುಂದುವರಿಸಿ” ಎಂಬ ಬೆನ್ನು ತಟ್ಟುವಿಕೆಯೂ ನಮಗೆ ಸಮ್ಮತವಿಲ್ಲ. ಪತ್ರಿಕೆಗೆ ಬರುವ ಹೊಸಬರ ಕವಿತೆಗಳಿಗೆ ಹಾಗೆ ಬರೆದು ಕಳಿಸುವುದು ಸುಲಭ, ಅದರಿಂದ ಒಂದು ಸಾಲೂ ತಿದ್ದಿಕೊಳ್ಳುವುದಿಲ್ಲ. ಯಾವ ವಾಕ್ಯ, ಏನು ಕೊರತೆ, ಎಲ್ಲಿ ಹುಡುಕಬೇಕು ಎಂದು ಹೇಳಬೇಕು. ಗೋಪಾಲದಾಸರ ಮೊಸರಕಲ್ಲು ದೇವದುರ್ಗ ತಾಲ್ಲೂಕಿನದು, ವಿಜಯದಾಸರ ಚೀಕಲಪರ್ವಿ ತುಂಗಭದ್ರೆಯ ದಡದ್ದು. ಈ ಊರುಗಳ ಬಗ್ಗೆ ಯಾವ ಪುಸ್ತಕ ನಂಬಬಹುದು, ಯಾವುದು ಬರೀ ಬಾಯಿಮಾತು ಎಂಬುದು ದೂರದ ಸಂಪಾದಕರಿಗೆ ಹೇಗೆ ತಿಳಿಯಬೇಕು? ಅದು ಇಲ್ಲಿಯವರ ಕೆಲಸ.

ಮಾನ್ವಿ, ದೇವದುರ್ಗ, ರಾಯಚೂರಿನ ನಿವೃತ್ತ ಶಿಕ್ಷಕರಲ್ಲಿ, ಮನೆಯ ಕಪಾಟಿನಲ್ಲಿ ದಾಸಸಾಹಿತ್ಯದ ಹಳೆಯ ಪುಸ್ತಕಗಳನ್ನು ಇಟ್ಟುಕೊಂಡವರಲ್ಲಿ ನಮ್ಮ ವಿನಂತಿ ಇಷ್ಟೆ: ವಿಕಿಪೀಡಿಯದಲ್ಲಿ ಒಂದು ಖಾತೆ ತೆರೆಯಿರಿ. ವಾರಕ್ಕೊಮ್ಮೆ ನಮ್ಮ ಊರುಗಳ ಒಂದು ಪುಟ ಓದಿ, ಅದರ ಚರ್ಚೆಪುಟದಲ್ಲಿ ಪುಸ್ತಕದ ಹೆಸರು, ಪುಟಸಂಖ್ಯೆ ಸಮೇತ ಎರಡು ಸಾಲು ಬರೆಯಿರಿ.